ಸರ್ವರ್ ಬೀಯ ಕೈ, ಸಲಾಮತಿಯ ಗೆರೆ

ನಮ್ಮ ಶಿಕಾರಿಪುರದಲ್ಲಿ ಒಬ್ಬರು ಹಡಗಿನ ಮಾಲೀಕರಿದ್ದರು ಎಂದರೆ ಈಗಿನವರು ನಗುತ್ತಾರೆ. ನಗಲಿ. ನಮ್ಮೂರಿನವರಿಗೆ ಗೊತ್ತಿದ್ದ ದೊಡ್ಡ ನೀರು ಎಂದರೆ ಒಂದು ಹುಚ್ಚರಾಯನ ಕೆರೆ, ಇನ್ನೊಂದು ಅಂಜನಾಪುರದ ಡ್ಯಾಮು. ಆದರೂ ಸಂತೆಬೀದಿಯ ಅಕ್ಕಿ ಅಂಗಡಿಯ ಸರ್ವರ್ ಬೀ ಹೆಸರಿನಲ್ಲಿ ಹೊನ್ನಾವರದ ಬಂದರಿನಲ್ಲಿ ಒಂದು ಮಚ್ವೆ ಇತ್ತು. ಮಚ್ವೆ ಎಂದರೆ ಹಾಯಿ ಕಟ್ಟಿ ಸರಕು ಸಾಗಿಸುವ ಮರದ ಹಡಗು. ಅದರ ಹೆಸರು ಸಲಾಮತಿ. ಆ ಹೆಂಗಸು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

ನಾನು ಪಂಚಾಕ್ಷರಪ್ಪ, ಲಾರಿಯವನು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಸಿಕ್ಕ ಒಂದು ಹಳೇ ಮಿಲಿಟರಿ ಲಾರಿ ಇಟ್ಟುಕೊಂಡು ಬದುಕು ಶುರು ಮಾಡಿದವನು. ಆ ಲಾರಿಯನ್ನು ನೋಡಿ ಊರಿನ ಸಾಹುಕಾರರೆಲ್ಲ ಮೂಗು ಮುರಿದಾಗ, ನನ್ನ ಮೇಲೆ ನಂಬಿಕೆಯಿಟ್ಟು ಮೊದಲ ಬಾಡಿಗೆ ಕೊಟ್ಟವರು ಸರ್ವರ್ ಬೀ. ನನಗೆ ಕೋಪ ಬೇಗ ಬರುತ್ತದೆ, ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು. ಆದರೆ ಆ ತಾಯಿಯ ವಿಷಯ ಬಂದಾಗ ನನ್ನ ದನಿ ತಾನಾಗಿ ತಗ್ಗುತ್ತದೆ. ಅವರ ಋಣ ನನ್ನ ಮೇಲಿದೆ, ನನ್ನ ಮಕ್ಕಳ ಮೇಲೂ ಇದೆ.

ಮೊದಲು ಅವರ ಕೈಯ ವಿಷಯ ಹೇಳಬೇಕು. ಅಕ್ಕಿ ಅಳೆದು ಕೊಟ್ಟ ಮೇಲೆ ಅಂಗಡಿಯವರು ಕೊನೆಗೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಅದೇ ಕೊಸರು. ಎಲ್ಲ ಅಂಗಡಿಯಲ್ಲೂ ಕೊಸರು ಉಂಟು. ಕೆಲವರು ಗೊಣಗಿಕೊಂಡು ಹಾಕುತ್ತಾರೆ, ಕೆಲವರು ಹಾಕಿದ ಹಾಗೆ ಮಾಡಿ ಅರ್ಧ ಹಿಂದಕ್ಕೆ ತೆಗೆಯುತ್ತಾರೆ. ಸರ್ವರ್ ಬೀಯದು ಹಾಗಲ್ಲ. ಅವರು ಕೊನೆಯಲ್ಲಿ ಒಂದು ಸಲ ಹಾಕುವುದಲ್ಲ, ಸೇರು ಸೇರಿಗೂ ಒಂದು ಹಿಡಿ. ಸೇರು ಹಿಡಿದು ಅಳೆಯುವವನು ಹಮಾಲಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಎಣಿಸುವವರು ಇವರು. ಒಂದು ಎನ್ನುವುದರ ಬದಲು ‘ಬರ್ಕತ್’, ಅಂದರೆ ಸಮೃದ್ಧಿ, ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಪ್ರತಿ ಎಣಿಕೆಗೂ ಅವರ ಬಲಗೈ ರಾಶಿಗೆ ಹೋಗಿ ಒಂದು ಹಿಡಿ ತಂದು ಚೀಲಕ್ಕೆ ಸುರಿಯುತ್ತಿತ್ತು. ಬಾಯಿ ಮಾತಾಡುತ್ತಿರಲಿ, ಕಣ್ಣು ಬೀದಿಯ ಮೇಲಿರಲಿ, ಕೈ ಮಾತ್ರ ತನ್ನ ಕೆಲಸ ತಪ್ಪಿಸುತ್ತಿರಲಿಲ್ಲ. ಈಸೂರಿನ ಕಡೆಯಿಂದ, ಬಳ್ಳಿಗಾವಿ ಕಡೆಯಿಂದ ಸಂತೆಗೆ ಬಂದವರು ಬೇರೆ ಅಂಗಡಿ ದಾಟಿ ಅಲ್ಲಿಗೇ ಹೋಗುತ್ತಿದ್ದದ್ದು ಸುಮ್ಮನೆ ಅಲ್ಲ. ನನ್ನ ಹೆಂಡತಿ ವರದಮ್ಮನಂಥ ಗಟ್ಟಿ ಲೆಕ್ಕದ ಹೆಂಗಸೂ ಆ ಅಂಗಡಿಯ ಚೀಲ ಬಿಚ್ಚಿ ಮತ್ತೊಮ್ಮೆ ಅಳೆದು ನೋಡುತ್ತಿರಲಿಲ್ಲ.

ಈ ರೂಢಿ ಅವರ ಗಂಡ ಗುಲಾಬ್ ಸಾಬರಿಂದ ಬಂದದ್ದು. ಕೊಟ್ಟ ಕೈ ಬರಿದಾದದ್ದನ್ನು ತಾನು ಕಂಡಿಲ್ಲ ಎಂದು ಆ ಮನುಷ್ಯ ಹೇಳುತ್ತಿದ್ದರಂತೆ. ಅವರ ಅಕ್ಕನನ್ನು ಹೊನ್ನಾವರಕ್ಕೆ ಕೊಟ್ಟಿದ್ದರು. ಆ ಸಂಬಂಧದಲ್ಲಿ ಸಲಾಮತಿ ಇವರ ಕೈಗೆ ಬಂತು. ಸುಗ್ಗಿ ಮುಗಿದ ಮೇಲೆ ಶಿಕಾರಿಪುರದ ಅಕ್ಕಿ ಲಾರಿಯಲ್ಲಿ ಸೊರಬ, ಸಿದ್ದಾಪುರದ ಮೇಲೆ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರಕ್ಕೆ ಹೋಗುವುದು, ಅಲ್ಲಿಂದ ಮಚ್ವೆಯಲ್ಲಿ ಕಲ್ಲಿಕೋಟೆಗೆ. ಬರುವಾಗ ಹಂಚು, ಉಪ್ಪು. ಮಚ್ವೆ ನಡೆಸುತ್ತಿದ್ದವನು ಜಟ್ಟಪ್ಪ, ಹೊನ್ನಾವರದ ಖಾರ್ವಿ, ಕಡಲನ್ನೇ ನಂಬಿದ ಜನದವನು. ಮಚ್ವೆಯ ಹಿರಿಯನಿಗೆ ಅವರ ಕಡೆ ತಾಂಡೇಲ ಅನ್ನುತ್ತಾರೆ. ಮಾತು ಕಡಿಮೆಯ ಮನುಷ್ಯ. ಗುಲಾಬ್ ಸಾಬರು ತೀರಿಕೊಂಡಾಗ ಆತ ಹೊನ್ನಾವರದಿಂದ ನನ್ನದೇ ಲಾರಿಯಲ್ಲಿ ಬಂದು, ಮನೆಯ ಬಾಗಿಲ ಬಳಿ ಒಂದು ಹಗಲು ಕೂತು, ಯಾರ ಜೊತೆಯೂ ಮಾತಾಡದೆ ಎದ್ದು ಹೋಗಿದ್ದ.

ಗಂಡ ಹೋದ ಮೇಲೆ ಮಚ್ವೆ ಮಾರಿಬಿಡಿ ಎಂದು ಎಲ್ಲರೂ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ಅವರ ತಮ್ಮ ಜಬೀವುಲ್ಲಾ. ಅವನದು ಚಪ್ಪಲಿ ಅಂಗಡಿ. ನೀರಿನ ಮೇಲಿನ ಆಸ್ತಿ ಆಸ್ತಿಯೇ ಅಲ್ಲ ಎಂಬುದು ಅವನ ವಾದ. ಸರ್ವರ್ ಬೀ ಕೇಳಲಿಲ್ಲ. ಮಚ್ವೆ ಮಾರಿದರೆ ಜಟ್ಟಪ್ಪ ಮತ್ತು ಮಚ್ವೆಯಲ್ಲಿ ದುಡಿಯುವ ಅವನ ಖಲಾಸಿಗಳ ಮನೆ ಒಲೆ ಹೇಗೆ ಉರಿಯಬೇಕು ಎಂದು ತಿರುಗಿ ಕೇಳಿದರು. ಊರಿನ ಪಡ್ಡೆ ಹುಡುಗರು ಅವರನ್ನು ‘ಹಡಗಿನ ಬೀಬಿ’ ಎಂದು ಕರೆಯತೊಡಗಿದರು. ಅವರು ಅದಕ್ಕೂ ನಕ್ಕು ಕೊಸರು ಹಾಕಿದರು.

ಐವತ್ತೆಂಟರಲ್ಲಿ ದಿಲ್ಲಿಯಲ್ಲಿ ಹಡಗುಗಳ ಹೊಸ ಕಾನೂನು ಆಯಿತು. ಅದರ ಗಾಳಿ ನಮ್ಮ ಕಡೆಯ ಸಣ್ಣ ಬಂದರುಗಳಿಗೂ ಬೀಸಿತು. ಹೊನ್ನಾವರಕ್ಕೆ ಹೊಸ ಇನ್‌ಸ್ಪೆಕ್ಟರ್ ಒಬ್ಬರು ಬಂದರು, ಮಂಗಳೂರಿನ ಕಡೆಯವರು, ತೆಳ್ಳಗೆ, ಬಿಳೀ ಚಡ್ಡಿ, ತಲೆಗೆ ಟೋಪಿ. ಅವರು ಒಂದೊಂದೇ ಮಚ್ವೆಯನ್ನು ಅಳೆಸಿ, ಎಷ್ಟು ಭಾರ ಹೊರಬಹುದು ಎಂದು ಗೊತ್ತು ಮಾಡಿ, ಪಕ್ಕೆಯ ಹಲಗೆಯ ಮೇಲೆ ಗೆರೆ ಕೊರೆಸಿ ಬಿಳೀ ಬಣ್ಣ ಬಳಿಸಿದರು. ಸರಕು ತುಂಬಿದ ಮೇಲೆ ಆ ಗೆರೆ ನೀರಿನ ಮೇಲೆ ಕಾಣಬೇಕು. ಗೆರೆ ಮುಳುಗಿದರೆ ಮಚ್ವೆ ಬಂದರು ಬಿಡುವಂತಿಲ್ಲ. ಮೂರು ಸಲ ಮುಳುಗಿದರೆ ಲೈಸೆನ್ಸ್ ರದ್ದು. ಸಲಾಮತಿಗೆ ನೂರು ಮೂಟೆ ಅಕ್ಕಿ ಎಂದು ಗೊತ್ತಾಯಿತು. ಮೂಟೆಗೆ ಒಂದು ಪಲ್ಲ, ಅಂದರೆ ನೂರು ಸೇರು. ಸೇರಿಗೆ ಇಷ್ಟು ತೂಕ ಎಂದು ಆಫೀಸಿನವರೇ ಹಿಡಿದಿದ್ದರು.

ಐವತ್ತೊಂಬತ್ತರ ಸುಗ್ಗಿಯ ಮೊದಲ ಸರಕು. ನೂರು ಮೂಟೆ ತುಂಬಿತು, ಗೆರೆ ಎರಡು ಬೆರಳು ಮುಳುಗಿತು. ಇನ್‌ಸ್ಪೆಕ್ಟರು ಮೂಟೆ ಇಳಿಸಿ ಹೋಗಲು ಹೇಳಿದರು. ಎರಡನೆಯ ಸಲವೂ ಅದೇ ನೂರು ಮೂಟೆ, ಅದೇ ಎರಡು ಬೆರಳು. ಅಕ್ಕಿಯ ಅಡಿಯಲ್ಲಿ ಬೇರೆ ಏನು ಬಚ್ಚಿಟ್ಟಿದ್ದೀಯ ಎಂದು ಅವರು ಜಟ್ಟಪ್ಪನನ್ನು ಕೇಳಿದರಂತೆ. ಏನೂ ಇಲ್ಲ ಸ್ವಾಮಿ ಎಂದು ಅವನು ಹೇಳಿದ. ಅಷ್ಟೇ ಹೇಳಿದ. ಹಾಗಾದರೆ ಏಕೆ ಮುಳುಗುತ್ತದೆ ಎಂಬುದಕ್ಕೆ ಬಾಯಿ ಬಿಡಲಿಲ್ಲ. ಮುಂದಿನ ಸರಕಿಗೆ ಮಾಲೀಕರೇ ಬಂದು ನಿಲ್ಲಬೇಕು, ಆಗಲೂ ಗೆರೆ ಮುಳುಗಿದರೆ ಮಚ್ವೆಯ ಲೈಸೆನ್ಸೂ ಹೋಯಿತು, ತಾಂಡೇಲನ ಪರವಾನಗಿಯೂ ಹೋಯಿತು ಎಂದು ಇನ್‌ಸ್ಪೆಕ್ಟರು ನನ್ನ ಕೈಯಲ್ಲೇ ಹೇಳಿ ಕಳಿಸಿದರು.

ನಾನು ಬಂದು ಸುದ್ದಿ ಹೇಳಿದಾಗ ಜಬೀವುಲ್ಲಾ ಅಲ್ಲೇ ಇದ್ದ. ಅವನಿಗೆ ಸಂಶಯವೇ ಇರಲಿಲ್ಲ. ತಾಂಡೇಲ ತನ್ನ ಸ್ವಂತ ಸರಕು ಅಡಿಯಲ್ಲಿ ಹಾಕಿ ನಮ್ಮ ಖರ್ಚಿನಲ್ಲಿ ವ್ಯಾಪಾರ ಮಾಡುತ್ತಿದ್ದಾನೆ, ಅವನನ್ನು ತೆಗೆದುಹಾಕು ಎಂದ. ಸರ್ವರ್ ಬೀ ಎಲೆ ಅಡಿಕೆ ಪೆಟ್ಟಿಗೆ ತೆರೆದರು, ಮುಚ್ಚಿದರು. ಕೊನೆಗೆ ನನ್ನ ಕಡೆ ತಿರುಗಿ, “ಪಂಚಾಕ್ಷರಪ್ಪನೋರೆ, ಮುಂದಿನ ಲೋಡಿಗೆ ನಾನೂ ಬರ್ತೀನ್ರಿ. ಕಣ್ಣಾರೆ ನೋಡದೆ ಒಬ್ಬನ ಅನ್ನ ಕಸಿಯಾಕೆ ನನ್ನ ಕೈಲಿ ಆಗಂಗಿಲ್ಲ” ಎಂದರು.

ಮುಂದಿನ ಸರಕನ್ನು ಅವರು ಎಂದಿಗಿಂತ ಜಾಗ್ರತೆಯಿಂದ ಅಳೆಸಿದರು. ಒಂದು ಸೇರೂ ಹೆಚ್ಚಾಗಬಾರದು, ಒಂದೂ ಕಡಿಮೆಯಾಗಬಾರದು ಎಂದು ಪ್ರತಿ ಮೂಟೆಯ ಪಕ್ಕದಲ್ಲೂ ತಾವೇ ಕೂತರು. ನಾನು ಅಂಗಡಿ ಮುಂದೆ ಲಾರಿ ನಿಲ್ಲಿಸಿಕೊಂಡು ಅದನ್ನೆಲ್ಲ ನೋಡಿದೆ. ಬರ್ಕತ್, ಎರಡು, ಮೂರು. ಎಲ್ಲ ಸರಿಯಾಗಿಯೇ ಇತ್ತು. ನಮ್ಮ ಕಣ್ಣಿಗೆ ಸರಿಯಾಗಿ ಕಾಣದೆ ಇನ್ನೇನಾಗಬೇಕು, ಹುಟ್ಟಿದಾಗಿನಿಂದ ನೋಡಿದ್ದೇ ಅದು.

ಮೊದಲ ಟ್ರಿಪ್ಪುಗಳೆಲ್ಲ ಆಗಿ, ಕೊನೆಯ ಟ್ರಿಪ್ಪಿಗೆ ಅವರು ಕರೀ ಬುರ್ಖಾ ಹಾಕಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಜಬೀವುಲ್ಲಾ ಮೂಟೆಗಳ ಮೇಲೆ ಕೂತ. ಸರ್ವರ್ ಬೀಯ ಮಡಿಲಲ್ಲಿ ಒಂದು ಬುತ್ತಿ ಗಂಟು, ಅದರ ಜೊತೆಗೆ ಅವರ ಹಿತ್ತಾಳೆ ಕಟ್ಟಿನ ಸೇರು. ಸಮುದ್ರಕ್ಕೆ ಹೋಗುವಾಗ ಸೇರು ಯಾತಕ್ಕೆ ಎಂದು ನಾನು ಚುಡಾಯಿಸಿದೆ. ಅಳತೆಯ ಮಾತು ಬಂದಾಗ ನನ್ನ ಸಾಕ್ಷಿ ನನ್ನ ಹತ್ತಿರ ಇರಲಿ ಎಂದರು.

ಸೊರಬಕ್ಕೆ ಒಂದು ಹರದಾರಿ ಇರುವಾಗ ಲಾರಿಯ ಹಿಂದಿನ ಸ್ಪ್ರಿಂಗ್ ಪ್ಲೇಟು ಮುರಿಯಿತು. ಆ ಸುಗ್ಗಿಯಲ್ಲಿ ಅದು ಮುರಿದದ್ದು ಅದೇ ಮೊದಲಲ್ಲ. ನಾನು ರಸ್ತೆ ಮಾಡಿದವರನ್ನೂ ಪ್ಲೇಟು ಮಾಡಿದವರನ್ನೂ ಬಾಯಿಗೆ ಬಂದಂತೆ ಬೈದೆ, ಪಕ್ಕದಲ್ಲಿ ಹೆಂಗಸು ಕೂತಿದ್ದಾರೆ ಎಂಬುದು ಅರ್ಧ ಬೈದ ಮೇಲೆ ನೆನಪಾಯಿತು. ತೆವಳುತ್ತ ಸೊರಬ ಸೇರಿ, ನಾವು ಯಾವಾಗಲೂ ನಿಲ್ಲುವ ಉಜ್ಜಪ್ಪನ ಕಣದಲ್ಲಿ ನಿಲ್ಲಿಸಿದೆ. ಉಜ್ಜಪ್ಪ ಗದ್ದೆ ಮಾಡಿಕೊಂಡಿದ್ದವನು, ಗಟ್ಟಿ ಆಳು. ಮಜ್ಜಿಗೆ ಕೊಟ್ಟು, ಮೂಟೆ ಇಳಿಸಲು ತಾನೂ ಹೆಗಲು ಕೊಟ್ಟ. ಎರಡು ಮೂಟೆ ಇಳಿಸಿ ಬೆನ್ನು ನೇರ ಮಾಡಿಕೊಂಡು, “ನಿಮ್ಮೂರಿನ ಮೂಟೆ ಎತ್ತಿದ್ರೆ ನಮ್ಮೂರಿನ ಬೆನ್ನು ಮುರೀತದೆ ಮಾರಾಯ. ಇದರೊಳಗೆ ಅಕ್ಕಿನೋ ಕಲ್ಲೋ?” ಎಂದ. ನಾವೆಲ್ಲ ನಕ್ಕೆವು. ಸರ್ವರ್ ಬೀ ಬುತ್ತಿ ಬಿಚ್ಚಿ ಅವನಿಗೂ ರೊಟ್ಟಿ ಕೊಟ್ಟರು. ಅವನು ಹೇಳಿದ ಮಾತು ಯಾರ ಕಿವಿಗೂ ಇಳಿಯಲಿಲ್ಲ.

ಮಾರನೆಯ ದಿನ ಘಾಟಿ ಇಳಿದು ಹೊನ್ನಾವರ ಮುಟ್ಟಿದೆವು. ಶರಾವತಿ ಸಮುದ್ರ ಸೇರುವ ಕಡೆ ಲಾರಿ ನಿಂತಾಗ ಸರ್ವರ್ ಬೀ ಮುಖದ ಪರದೆ ಎತ್ತಿ ಬಹಳ ಹೊತ್ತು ನೋಡಿದರು. ಆಚೆ ದಡ ಎಲ್ಲಿ ಎಂದು ಕೇಳಿದರು. ಆಚೆ ದಡ ಇಲ್ಲ ಎಂದೆ. ಇಷ್ಟು ನೀರಿನ ಮೇಲೆ ನನ್ನ ಅಕ್ಕಿ ಹೋಗುತ್ತಿತ್ತಾ, ಇಷ್ಟು ನೀರಿನ ಮೇಲೆ ಆ ಜನ ಹೋಗುತ್ತಿದ್ದರಾ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಸಲಾಮತಿ ದಕ್ಕೆಗೆ, ಅಂದರೆ ಹಡಗು ನಿಲ್ಲುವ ಕಲ್ಲುಕಟ್ಟೆಗೆ, ತಾಗಿ ನಿಂತಿತ್ತು. ಅವರು ಕಲ್ಲು ಮೆಟ್ಟಿಲು ಇಳಿದು ಹೋಗಿ ಅದರ ಹಲಗೆಯನ್ನು ಅಂಗೈಯಿಂದ ಒಮ್ಮೆ ಸವರಿದರು.

ಜಟ್ಟಪ್ಪ ಬಂದು ತಲೆಯ ಟವಲು ತೆಗೆದು ನಿಂತ. ಬಹಳ ಸೊರಗಿದ್ದ. ಜಬೀವುಲ್ಲಾ ಅವನಿಗೆ ಕೇಳಿಸುವ ಹಾಗೆಯೇ ಕಳ್ಳ ಎಂಬ ಮಾತಾಡಿದ. ಜಟ್ಟಪ್ಪ ಮೂಟೆ ಇಳಿಸಿಕೊಳ್ಳಲು ಮಚ್ವೆಗೆ ಹತ್ತಿದ.

ಮೂಟೆಗಳು ಒಂದೊಂದಾಗಿ ಮಚ್ವೆಗೆ ಇಳಿದವು. ಸರ್ವರ್ ಬೀ ದಕ್ಕೆಯ ಅಂಚಿನಲ್ಲಿ ನಿಂತು ಒಂದೊಂದನ್ನೂ ಎಣಿಸಿದರು. ಅಡಿಯಲ್ಲಿ ಬೇರೆ ಏನೂ ಇಲ್ಲ ಎಂದು ಜಬೀವುಲ್ಲಾನೇ ಇಳಿದು ನೋಡಿ ಬಂದಿದ್ದ. ಮಚ್ವೆ ನಿಧಾನವಾಗಿ ಕುಗ್ಗುತ್ತ ಬಂತು. ಇನ್ನೂ ಹತ್ತು ಮೂಟೆ ದಡದಲ್ಲಿರುವಾಗಲೇ ನೀರು ಗೆರೆಯ ಹತ್ತಿರ ಬಂತು, ಕೊನೆಯ ಕೆಲವು ಮೂಟೆ ಇಳಿಯುವಾಗ ಗೆರೆಯನ್ನು ಮುಟ್ಟಿ, ನಮ್ಮ ಕಣ್ಣೆದುರಿಗೇ ದಾಟಿತು. ಇನ್‌ಸ್ಪೆಕ್ಟರು ದೋಣಿಯಲ್ಲಿ ಬಂದು ಬಗ್ಗಿ ಬೆರಳಿಟ್ಟು ನೋಡಿದರು. ಎರಡು ಬೆರಳು.

ಆ ಮನುಷ್ಯ ಕೂಗಾಡಲಿಲ್ಲ, ಅದನ್ನು ಹೇಳಲೇಬೇಕು. ಒಂದು ಮೂಟೆ ಮೇಲೆ ತರಿಸಿ ತಕ್ಕಡಿಗೆ ಹಾಕಿಸಿದರು. ಆಫೀಸು ಹಿಡಿದಿದ್ದ ತೂಕಕ್ಕಿಂತ ಹೆಚ್ಚು ಬಂತು. ಇನ್ನೊಂದು ತರಿಸಿದರು. ಅದೂ ಹೆಚ್ಚು. ಅವರ ಮುಖ ಬಿಗಿಯಿತು. ಪಲ್ಲ ಎಂದು ಹೇಳಿ ಹೆಚ್ಚು ತುಂಬಿದ್ದೀರಿ, ಇದಕ್ಕೆ ತಾಂಡೇಲನೂ ಕೂಡಿದ್ದಾನೆ ಎಂದರು. ಸರ್ವರ್ ಬೀಗೆ ಅವಮಾನವಾಯಿತು. ಬುರ್ಖಾದೊಳಗಿಂದ ಸೇರು ಹೊರತೆಗೆದು ಮುಂದೆ ಇಟ್ಟರು. ನನ್ನ ಅಂಗಡಿಯಿಂದ ನೂರು ಸೇರಿನ ಮೇಲೆ ಒಂದು ಸೇರು ಹೋಗಿಲ್ಲ, ಸಾಹೇಬರೇ ನಿಂತು ಅಳೆಸಿ ನೋಡಲಿ ಎಂದರು.

ತಾಡಪಾಲು ಹಾಸಿ ಒಂದು ಮೂಟೆ ಸುರಿದರು. ದಕ್ಕೆಯ ಒಬ್ಬ ಹಮಾಲಿ ಸೇರು ಹಿಡಿದ. ಖಾಲಿ ಚೀಲದ ಪಕ್ಕದಲ್ಲಿ ಸರ್ವರ್ ಬೀ ಕೂತು ಎಣಿಸತೊಡಗಿದರು. ಬರ್ಕತ್, ಎರಡು, ಮೂರು. ಹಮಾಲಿ ಸೇರು ಸುರಿದಂತೆಲ್ಲ ಅವರ ಬಲಗೈ ರಾಶಿಗೆ ಹೋಯಿತು, ಹಿಡಿ ತಂದಿತು, ಚೀಲಕ್ಕೆ ಹಾಕಿತು. ಖಲಾಸಿಗಳು, ದಕ್ಕೆಯ ಹಮಾಲರು, ಮೀನು ಬುಟ್ಟಿಯ ಹೆಂಗಸರು ಎಲ್ಲ ಸುತ್ತ ನಿಂತಿದ್ದರು. ನಾನೂ ನಿಂತಿದ್ದೆ, ಲೆಕ್ಕ ತಪ್ಪದಿರಲಪ್ಪ ಎಂದು ನಮ್ಮೂರ ದೇವರು ಹುಚ್ಚರಾಯನಿಗೆ ಹರಕೆ ಹೊರುತ್ತ.

ನಲವತ್ತು ದಾಟಿರಬೇಕು. ಅವರು ಒಮ್ಮೆ ತಲೆ ಎತ್ತಿದರು. ಸೇರನ್ನು ಯಾರೂ ನೋಡುತ್ತಿರಲಿಲ್ಲ. ಇನ್‌ಸ್ಪೆಕ್ಟರು, ಹಮಾಲರು, ಅಷ್ಟು ಜನವೂ ಅವರ ಕೈಯನ್ನು ನೋಡುತ್ತಿದ್ದರು. ಜಟ್ಟಪ್ಪ ಒಬ್ಬನೇ ನೆಲ ನೋಡುತ್ತಿದ್ದ. ಸರ್ವರ್ ಬೀ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಅದರಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಎಣಿಕೆ ನಿಂತಿತು.

ಅದೇನು ನೀವು ಹಾಕುತ್ತಿರುವುದು ಎಂದು ಇನ್‌ಸ್ಪೆಕ್ಟರು ಕೇಳಿದರು. ಕೊಸರು ಎಂದರು ಅವರು. ಅದು ಲೆಕ್ಕಕ್ಕೆ ಸೇರಿದೆಯೇ ಎಂದು ಸಾಹೇಬರು ಮತ್ತೆ ಕೇಳಿದರು. ಕೊಸರನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು ಹೇಳಲು ಹೋಗಿ, ಸರ್ವರ್ ಬೀ ಅರ್ಧದಲ್ಲೇ ಕೈಯಲ್ಲಿದ್ದ ಹಿಡಿಯನ್ನು ರಾಶಿಗೆ ಹಿಂದಕ್ಕೆ ಸುರಿದರು. ನೂರು ಸೇರಿಗೆ ನೂರು ಹಿಡಿ, ನೂರು ಮೂಟೆಗೆ ಎಷ್ಟು ಎಂಬುದು ಅಕ್ಕಿ ಅಂಗಡಿಯವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮುರಿದ ನನ್ನ ಪ್ಲೇಟುಗಳೂ ಉಜ್ಜಪ್ಪನ ಬೆನ್ನೂ ಆಗ ನನ್ನ ತಲೆಗೆ ಬಂದವು. ನಾನು ತಲೆ ಚಚ್ಚಿಕೊಂಡೆ.

ಸರ್ವರ್ ಬೀ ಜಟ್ಟಪ್ಪನ ಕಡೆ ತಿರುಗಿದರು. “ನಿನಗೆ ಗೊತ್ತಿತ್ತೇನಪ್ಪಾ?”

ಅವನು ನೆಲದಿಂದ ಕಣ್ಣೆತ್ತಿ ಹೇಳಿದ. “ಗೊತ್ತಿತ್ತು ಅಮ್ಮಾ. ಕಲ್ಲಿಕೋಟೇಲಿ ಚೀಲ ಬಿಚ್ಚಿ ಅಳೆಯುವಾಗ ನೂರು ದಾಟೋದನ್ನ ವರ್ಷಾ ವರ್ಷಾ ನೋಡ್ತಿದ್ದೆ. ಕೊಡೋ ಕೈಗೆ ಸಾಕು ಅಂತ ಹೇಳೂಕೆ ನಂಗೆ ಬಾಯಿ ಬರಲಿಲ್ಲ.”

ಉಳಿದದ್ದನ್ನು ಖಲಾಸಿಗಳು ಹೇಳಿದರು. ತಾಂಡೇಲ ತನ್ನ ಪಾಲಿಗೆ ಒಂದಿಷ್ಟು ತೆಂಗಿನಕಾಯಿ, ಒಣಮೀನು ಹಾಕಿಕೊಂಡು ಹೋಗುವುದು ಎಲ್ಲ ಮಚ್ವೆಗಳಲ್ಲೂ ಇದ್ದ ರೂಢಿ. ಜಟ್ಟಪ್ಪ ವರ್ಷಗಳಿಂದ ತನ್ನ ಪಾಲನ್ನು ದಡದಲ್ಲೇ ಬಿಟ್ಟು ಹೋಗುತ್ತಿದ್ದ, ಸಲಾಮತಿಗೆ ಭಾರವಾಗದಿರಲಿ ಎಂದು. ಹೋದ ಎರಡು ಸಲವಂತೂ ಖಲಾಸಿಗಳ ಹಾಸಿಗೆ ಸುರುಳಿಯನ್ನೂ ಇಳಿಸಿಟ್ಟಿದ್ದ. ಕಳ್ಳ ಎನ್ನಿಸಿಕೊಂಡಾಗಲೂ ಸತ್ತ ಯಜಮಾನರ ಮನೆಯ ರೂಢಿಯ ಮೇಲೆ ಬೆರಳು ತೋರಿಸಲಿಲ್ಲ. ಜಬೀವುಲ್ಲಾ ಇದನ್ನು ಕೇಳಿ, ದೋಣಿಯ ಹಗ್ಗ ಹಿಡಿದು ನಿಂತಿದ್ದ ಜಟ್ಟಪ್ಪನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ.

ಇನ್‌ಸ್ಪೆಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಕಾನೂನಿಗೆ ದುರಾಸೆಯೂ ಒಂದೇ ಧಾರಾಳವೂ ಒಂದೇ, ಗೆರೆ ಮುಳುಗಿದರೆ ಮುಳುಗಿದ ಹಾಗೆ ಎಂದರು. ಆದರೆ ಕಾರಣ ಕಣ್ಣೆದುರಿಗೇ ಸಿಕ್ಕಿತು, ಬಂದರು ಬಿಡುವ ಮೊದಲು ಗೆರೆ ಮೇಲೆ ಬಂದರೆ ಇದನ್ನು ಮೂರನೆಯ ತಪ್ಪು ಎಂದು ಬರೆಯುವುದಿಲ್ಲ, ಹೆಚ್ಚಿನದ್ದನ್ನು ಈಗಲೇ ತೆಗೆಸಿ ಎಂದೂ ಹೇಳಿದರು. ಆಮೇಲೆ ಸರ್ವರ್ ಬೀಯನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋಗಿ ತೋರಿಸಿದರು. “ನೋಡಿ ಅಮ್ಮಾ, ಈ ಗೆರೆಯಿಂದ ಕೆಳಗಿನ ಮರ ನಿಮ್ಮ ಸರಕಿಗೆ. ಮೇಲಿನ ಮರ ಜನರ ಜೀವಕ್ಕೆ. ಗಾಳಿ ಎದ್ದಾಗ ಅವರಿಗೆ ಉಳಿಯೋದು ಅಷ್ಟೇ.”

ಸರ್ವರ್ ಬೀ ಆ ಮರದ ಅಂಚನ್ನೇ ನೋಡುತ್ತ ನಿಂತರು. “ಹಂಗಾದ್ರೆ ಅದು ಅವರ ಕೊಸರು. ನಾನು ಅದನ್ನ ತೆಗೆದು ಅಕ್ಕಿಗೆ ಹಾಕಿಬಿಟ್ಟಿದ್ದೆ” ಎಂದರು.

ಮೂಟೆ ಮೂಟೆಯ ಬಾಯಿ ಬಿಚ್ಚಿ ಕೊಸರು ತೆಗೆದೆವು. ಸಂಜೆಯ ಹೊತ್ತಿಗೆ ತಾಡಪಾಲಿನ ಮೇಲೆ ದೊಡ್ಡ ರಾಶಿ ಬಿತ್ತು. ಬಿಳೀ ಗೆರೆ ನೀರಿನಿಂದ ಎದ್ದು ಮೇಲೆ ಬಂತು. ಖಲಾಸಿಗಳು ಕೇಕೆ ಹಾಕಿದರು. ಆ ರಾಶಿಯನ್ನು ಸರ್ವರ್ ಬೀ ಲಾರಿಗೆ ಏರಿಸಲು ಬಿಡಲಿಲ್ಲ. ದಕ್ಕೆಯ ಹಮಾಲರಿಗೆ, ಮೀನಿನ ಹೆಂಗಸರಿಗೆ, ಖಲಾಸಿಗಳ ಮನೆಗಳಿಗೆ ಹಂಚಿದರು. ಇನ್‌ಸ್ಪೆಕ್ಟರಿಗೂ ಕೊಡಹೋದರು. ಅವರು ಕೈ ಮುಗಿದು, ತನಗೆ ತೆಗೆದುಕೊಳ್ಳುವಂತಿಲ್ಲ ಎಂದರು. ಕೋಪಿಷ್ಠನಾದ ನನಗೂ ಆ ಮನುಷ್ಯನ ಮೇಲೆ ಗೌರವ ಬಂತು. ಅವರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಪೇಚಾಡುತ್ತೇನೆ.

ಮಚ್ವೆ ಉಳಿಯಿತು, ಜಟ್ಟಪ್ಪನ ಹೆಸರೂ ಉಳಿಯಿತು. ಆದರೆ ಊರಿಗೆ ಬಂದ ಮೇಲೆ ಸರ್ವರ್ ಬೀಯ ಕೈ ಮೊದಲಿನಂತೆ ಇರಲಿಲ್ಲ. ಹಡಗಿನ ಮೂಟೆ ಅಳೆಯುವಾಗ ಪಕ್ಕದಲ್ಲಿ ಕೂರಲು ನನ್ನ ಹೆಂಡತಿ ವರದಮ್ಮನನ್ನು ಕರೆಸಿಕೊಂಡರು. ಅವಳ ಕೈಯಿಂದ ಒಂದು ಕಾಳು ಜಾರಿದರೆ ಅದು ಅವಳಿಗೆ ಗೊತ್ತಿಲ್ಲದೆ ಜಾರುವುದಿಲ್ಲ ಎಂದು ಊರಿಗೇ ಗೊತ್ತು. ಅದು ಸರಿ. ಬೇಸರದ ವಿಷಯವೆಂದರೆ ಅಂಗಡಿಯಲ್ಲೂ ಅವರು ಕೊಸರು ಹಾಕುವುದನ್ನು ನಿಲ್ಲಿಸಿಬಿಟ್ಟರು. ಅಳೆದು ಸುರಿದ ಮೇಲೆ ಬಲಗೈ ಅಭ್ಯಾಸದಿಂದ ಎದ್ದು ರಾಶಿಯವರೆಗೆ ಹೋಗುವುದು, ಅಲ್ಲಿ ತಡೆದು ನಿಂತು ಬರಿದಾಗಿ ಹಿಂದಕ್ಕೆ ಬರುವುದು. ಸಂತೆಗೆ ಬಂದವರು ಚೀಲ ಹಿಡಿದುಕೊಂಡು ಒಂದು ಗಳಿಗೆ ಕಾಯ್ದು ಪೆಚ್ಚಾಗಿ ಹೋಗುತ್ತಿದ್ದರು. ಬೀಬಿಗೆ ಜಿಪುಣತನ ಬಂತು ಎಂದು ಕೆಲವರು ಆಡಿಕೊಂಡರು. ನಾನು ಇಬ್ಬರ ಜೊತೆ ಜಗಳವಾಡಿದೆ. ಅಂಗಡಿಯ ಕೊಸರು ಯಾರನ್ನೂ ಮುಳುಗಿಸುವುದಿಲ್ಲ ಅಕ್ಕಾ ಎಂದು ಅವರಿಗೂ ಹೇಳಿ ನೋಡಿದೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಹೋಗಿದೆ, ಅದು ಎಲ್ಲಿ ಯಾರ ಮೇಲೆ ಭಾರವಾಗುತ್ತದೋ ಎಂದರು.

ಮೇ ತಿಂಗಳ ಕೊನೆ. ಮಳೆಗಾಲಕ್ಕೆ ಮಚ್ವೆಗಳನ್ನು ದಡಕ್ಕೆ ಎಳೆಯುವ ಕಾಲ. ಒಂದು ಸಂತೆಯ ದಿನ ಮಧ್ಯಾಹ್ನ ಜಟ್ಟಪ್ಪ ಹೆಗಲಿಗೆ ಒಂದು ಉಪ್ಪಿನ ಗಂಟು ಹಾಕಿಕೊಂಡು ಅಂಗಡಿ ಮುಂದೆ ಬಂದು ನಿಂತ. ಬಸ್ಸಿನಲ್ಲಿ, ತಾನಾಗಿ ಬಂದಿದ್ದ. ನಾನು ಅಲ್ಲೇ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದೆ. ಸರ್ವರ್ ಬೀ ಗಾಬರಿಯಿಂದ ಮಚ್ವೆಗೆ ಏನಾಯಿತು ಎಂದರು. ಏನೂ ಆಗಿಲ್ಲ, ಹೇಳಿ ಹೋಗೋಣ ಎಂದು ಬಂದೆ ಎಂದ. ಕೊನೆಯ ಸರಕು ತೆಗೆದುಕೊಂಡು ಹೋಗುವಾಗ ಭಟ್ಕಳ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಗಾಳಿ ಎದ್ದಿತಂತೆ. ಹಾಯಿ ಇಳಿಸಿ, ಖಲಾಸಿಗಳೆಲ್ಲ ಹಗ್ಗ ಹಿಡಿದು ಕೂತರಂತೆ. ತೆರೆ ಪಕ್ಕೆಗೆ ಹೊಡೆದು ಹೊಡೆದು ಮೇಲೇರಿತು. ಒಳಗೆ ನೀರು ನುಗ್ಗಿದ್ದರೆ ಅಕ್ಕಿ ನೆನೆದು ಉಬ್ಬಿ ಹಲಗೆ ಬಿರಿಯುತ್ತಿತ್ತು, ಆಮೇಲೆ ಹೇಳಲು ಯಾರೂ ಇರುತ್ತಿರಲಿಲ್ಲ.

ಹೇಳುತ್ತ ಅವನು ಅಂಗಡಿಯ ಕಟ್ಟೆಯ ಅಂಚಿಗೆ ಎರಡು ಬೆರಳು ಅಡ್ಡ ಇಟ್ಟು ತೋರಿಸಿದ. “ಅಂಚಿಗೆ ಇಷ್ಟು ಉಳಿದಿತ್ತು ಅಮ್ಮಾ. ಇಷ್ಟೇ. ಮನೆ ಮುಟ್ಟಿದ ಮೇಲೆ ಹೆಂಗಸರು ಮಕ್ಕಳು ಎಲ್ಲ ನಿಮ್ಮ ಹೆಸರು ಹೇಳಿ ದೀಪ ಹಚ್ಚಿದ್ರು.”

ಸರ್ವರ್ ಬೀ ಆ ಎರಡು ಬೆರಳನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಅವನು ತಂದ ಉಪ್ಪನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟರು. ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಹಮಾಲಿಯನ್ನು ಕೂಗಿದರು, ಅವನು ಊಟಕ್ಕೆ ಹೋಗಿದ್ದ. ತಾವೇ ಸೇರು ತೆಗೆದುಕೊಂಡರು. ಜಟ್ಟಪ್ಪ ಟವಲು ಹಾಸಿ ಹಿಡಿದ. ಬರ್ಕತ್ ಎಂದು ಒಂದು ಸೇರು ಸುರಿದರು. ಬಲಗೈ ತಾನಾಗಿ ಎದ್ದು ರಾಶಿಗೆ ಹೋಗಿ ಒಂದು ಹಿಡಿ ಅಕ್ಕಿ ತುಂಬಿಕೊಂಡಿತು. ಅಲ್ಲೇ ನಿಂತಿತು.

ಜಟ್ಟಪ್ಪ ಟವಲನ್ನು ಆ ಕೈಯ ಕೆಳಗೆ ಸರಿಸಿದ.

“ಹಾಕಿ ಅಮ್ಮಾ,” ಎಂದ. “ಇದು ನೆಲ.”